ರೆಂಬ್ರಾಂಟ್‌ನ ಕೆನ್ನೆಯ ಬೆಳಕು: ಎಡವೋ ಬಲವೋ

ಡಚ್ ಚಿತ್ರಕಾರ ರೆಂಬ್ರಾಂಟ್ ಸುಮಾರು 1628ರಲ್ಲಿ, 22ರ ಹರೆಯದಲ್ಲಿ, ತನ್ನ ಊರಾದ ಲೈಡನ್‌ನಲ್ಲಿದ್ದಾಗ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ರಚಿಸಿದ ಆತ್ಮಭಾವಚಿತ್ರ ಈಗ ಆಮ್‌ಸ್ಟರ್‌ಡಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಅದರ ಎತ್ತರ 22.6 ಸೆಂಟಿಮೀಟರ್, ಅಗಲ 18.7 ಸೆಂಟಿಮೀಟರ್ ಮಾತ್ರ. ಬೆಳಕು ಒಂದು ಕೆನ್ನೆ, ಕಿವಿಯ ಹಾಲೆ ಮತ್ತು ಕುತ್ತಿಗೆಯನ್ನು ಸವರಿ ಹೋಗುತ್ತದೆ. ಕಣ್ಣುಗಳನ್ನು ನಾವೇ ನೆರಳಿನಲ್ಲಿ ಹುಡುಕಬೇಕು.

ಅಂಥದೇ ಬೆಳಕಿನಲ್ಲಿ ನನ್ನ ಆತ್ಮಭಾವಚಿತ್ರ ಬರೆಯಹೊರಟ ನಾನು ಎಡವಿದ್ದು ಇಲ್ಲಿ. ‘ಬಲಗೆನ್ನೆಗೆ ಬೆಳಕು’ ಎಂದು ಬರೆದಿಟ್ಟುಕೊಂಡು, ಉಡುಪಿಯ ನಮ್ಮ ಹಂಚಿನ ಮನೆಯಲ್ಲಿ, ಗಾಜಿನ ಹಂಚಿನಿಂದ ಇಳಿಯುವ ಬೆಳಕು ನನ್ನ ಬಲಗೆನ್ನೆಗೆ ಬೀಳುವಂತೆ ಕನ್ನಡಿಯೆದುರು ಕುಳಿತೆ. ಕನ್ನಡಿಯಲ್ಲಿ ಬೆಳಗಿದ ಕೆನ್ನೆ ಬಲಬದಿಗೆ ಕಂಡಿತು. ಚಿತ್ರದಲ್ಲಾದರೋ ಅದು ನಮ್ಮ ಎಡಬದಿಗಿದೆ. ಕನ್ನಡಿ ಎಡಬಲಗಳನ್ನು ಅದಲುಬದಲು ಮಾಡುತ್ತದೆಂಬ ಶಾಲೆಯ ಪಾಠ ಗೊಂದಲವನ್ನು ಹೆಚ್ಚಿಸಿತೇ ಹೊರತು ಬಿಡಿಸಲಿಲ್ಲ. ಬಿಡಿಸಿದ್ದು ಯಕ್ಷಗಾನದ ಚೌಕಿಯ, ಅಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗದ, ನೆನಪು. ಕನ್ನಡಿ ನೋಡುತ್ತ ಎಡಗೆನ್ನೆಗೆ ಬಣ್ಣ ಹಚ್ಚುವ ವೇಷಧಾರಿಗೆ ಆ ಕೆನ್ನೆ ಕನ್ನಡಿಯಲ್ಲೂ ಎಡಬದಿಗೇ ಕಾಣುತ್ತದೆ, ಅವನ ಕೈ ತಪ್ಪುವುದಿಲ್ಲ. ಆ ಪ್ರತಿಬಿಂಬವನ್ನೇ ಹಲಗೆಗಿಳಿಸಿ, ಅದನ್ನು ನಮ್ಮೆದುರು ಕುಳಿತ ಮನುಷ್ಯನೆಂದು ಭಾವಿಸಿದಾಗ ಮಾತ್ರ ಎಡಗೆನ್ನೆಯನ್ನು ಬಲಗೆನ್ನೆ ಎನ್ನುತ್ತೇವೆ. ಆದ್ದರಿಂದ ಕನ್ನಡಿಯಲ್ಲಿ ಕಂಡಂತೆಯೇ ಬರೆದಿದ್ದರೆ, ಬೆಳಕು ಬಿದ್ದದ್ದು ರೆಂಬ್ರಾಂಟ್‌ನ ನಿಜವಾದ ಎಡಗೆನ್ನೆಗೆ. ಬಲಗೈಯಲ್ಲಿ ಕುಂಚ ಹಿಡಿಯುವವರಿಗೆ ಎಡಬದಿಯ ಬೆಳಕೇ ಅನುಕೂಲ. ಕೈಯ ನೆರಳು ಬರೆಯುವ ಜಾಗಕ್ಕೆ ಬೀಳುವುದಿಲ್ಲ. ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿ ಅವನ ಕೊನೆಯ ವರ್ಷಗಳ ಇನ್ನೊಂದು ಆತ್ಮಭಾವಚಿತ್ರವಿದೆ. ಅದರ ಎಕ್ಸ್‌-ರೇಯಲ್ಲಿ, ಅವನು ಕುಂಚ ಹಿಡಿದ ಕೈಯನ್ನು ಮೊದಲು ಕನ್ನಡಿಯಲ್ಲಿ ಕಂಡ ಬದಿಗೇ ಬರೆದು, ಅನಂತರ ಬದಲಾಯಿಸಿದ್ದು ಕಾಣುತ್ತದೆ. ಅಷ್ಟು ಪಳಗಿದ ಕೈಯೂ ಇದನ್ನು ತಿದ್ದಬೇಕಾಯಿತೆಂಬುದು ನನಗೆ ಸಮಾಧಾನ ತಂದಿತು.

ಬಣ್ಣದ ವಿಚಾರ ಇಷ್ಟು ಕಷ್ಟದ್ದಲ್ಲ. ರೈಕ್ಸ್‌ಮ್ಯೂಸಿಯಂನ ಚಿತ್ರದಲ್ಲಿ ನೆರಳಿಗೆ ತೆಳುವಾದ ಕಂದು, ಬೆಳಕಿಗೆ ಸೀಸದ ಬಿಳಿ ಬೆರೆಸಿದ ದಪ್ಪ ಲೇಪ. ಗುಂಗುರು ಕೂದಲಿನ ಎಳೆಗಳನ್ನು ಹಸಿ ಬಣ್ಣದಲ್ಲಿ ಕುಂಚದ ಹಿಂತುದಿಯಿಂದ ಗೀರಿ ತೆಗೆದಿದ್ದಾನೆ. ನಾನು ಕೆನ್ನೆಗೆ ಬಿಳಿಯನ್ನೇ ಬಳಿದಾಗ ಅದು ವೇಷದ ಬಿಳಿಬಣ್ಣವಾದ ಸಫೇದ ಹಚ್ಚಿದ ಮುಖದಂತಾಯಿತು. ಬಿಳಿಯನ್ನು ಒರೆಸಿ, ಸುತ್ತಲಿನ ಕಂದನ್ನು ಗಾಢವಾಗಿಸಿದಾಗ ಸಾದಾ ಮೈಬಣ್ಣವೇ ಬೆಳಗಿತು.

ಗಾಜಿನ ಹಂಚಿನ ಬೆಳಕು ಗಂಟೆಯೊಳಗೆ ಸರಿದುಹೋಗುವುದರಿಂದ, ಈ ಬಾರಿ ಎಡಗೆನ್ನೆಗೆ ಬೆಳಕು ಬೀಳುವ ಹೊತ್ತನ್ನು ಗೋಡೆಯ ಮೇಲೂ ಮಣೆಯ ಜಾಗವನ್ನು ನೆಲದ ಮೇಲೂ ಸೀಮೆಸುಣ್ಣದಿಂದ ಗುರುತಿಸಿದ್ದೇನೆ.