ಐದು ಲಕ್ಷ ಇದೆ, ಹಳೇ ಮನೆಗೆ ಏನು ಮಾಡಿಸೋದು?

ಪ್ರಶ್ನೆ: ನಮ್ಮದು ಕೋಲಾರ ಟೌನಿನಲ್ಲಿ 30×40 ಸೈಟಿನ ಮನೆ. ಕಟ್ಟಿ 27 ವರ್ಷ ಆಯ್ತು. ಕೆಳಗೆ ನಾವಿದ್ದೇವೆ, ಮಹಡಿ ಮೇಲೆ ಒಂದು ದೊಡ್ಡ ರೂಮು ಖಾಲಿ ಇದೆ. ರಿಪೇರಿಗೆ ಅಂತ 5 ಲಕ್ಷ ಎತ್ತಿಟ್ಟಿದ್ದೇವೆ. ಮನೆಯವರಿಗೆ ಮಾಡ್ಯುಲರ್ ಕಿಚನ್ ಬೇಕು. ಮಗನಿಗೆ ಹಾಲ್‌ನಲ್ಲಿ ಫಾಲ್ಸ್ ಸೀಲಿಂಗ್ ಬೇಕು. ಮೇಸ್ತ್ರಿ, ನೆಲ ಕಿತ್ತು ಗ್ರಾನೈಟ್ ಹಾಕೋಣ ಅಂತಿದ್ದಾರೆ. ಮಳೆಗಾಲದಲ್ಲಿ ರೂಮಿನ ಮೂಲೆಯಲ್ಲಿ ಸ್ವಲ್ಪ ತೇವ ಬರುತ್ತೆ, ಅದು ಬಿಟ್ಟರೆ ಮನೆ ಗಟ್ಟಿಯಾಗಿದೆ. ಮುಂದೆ ಮಾರಿದರೆ ಹಾಕಿದ ದುಡ್ಡು ವಾಪಸ್ ಬರಬೇಕು. ಯಾವುದನ್ನು ಮಾಡಿಸಿದರೆ ಒಳ್ಳೆಯದು?

ಉತ್ತರ: ಮಾರುವ ವಿಷಯ ಮೊದಲು ಮುಗಿಸಿಬಿಡೋಣ. ನಮ್ಮ ಕಡೆ ಹಳೇ ಮನೆ ಕೊಳ್ಳೋಕೆ ಬಂದವರು ಏನು ಕೇಳುತ್ತಾರೆ? ಸೈಟು ಎಷ್ಟು ಅಡಿ, ರಸ್ತೆ ಎಷ್ಟು ಅಗಲ, ಯಾವ ದಿಕ್ಕು, ಇ-ಖಾತೆ ಆಗಿದೆಯಾ, ನೀರು ಹೇಗೆ. ಫಾಲ್ಸ್ ಸೀಲಿಂಗ್ ಯಾವ ಡಿಸೈನು ಅಂತ ಯಾರೂ ಕೇಳುವುದಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ಬಂದರೂ ಸೈಟಿಗೆ ಒಂದು ಲೆಕ್ಕ, ಕಟ್ಟಡಕ್ಕೆ ಇನ್ನೊಂದು ಲೆಕ್ಕ ಹಾಕುತ್ತಾರೆ. ಕಟ್ಟಡದ ಲೆಕ್ಕದಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುತ್ತಾರೆ. 27 ವರ್ಷದ ಮನೆಗೆ ಹೊಸ ಗ್ರಾನೈಟ್ ಹಾಕಿದರೆ ಮನೆ ವಯಸ್ಸು ಕಡಿಮೆ ಆಗುವುದಿಲ್ಲ. ಕೊಂಡವರು ಅದನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಿಸುವುದೂ ಇದೆ. ಹಾಗಾಗಿ ಕಾಣದ ಗಿರಾಕಿಗೋಸ್ಕರ ದುಡ್ಡು ಸುರಿಯಬೇಡಿ. ಹಾಕಿದ ದುಡ್ಡು ನೀವು ಇರುವಾಗಲೇ ವಾಪಸ್ ಬರಬೇಕು. ಆಗುವ ನಷ್ಟ ತಪ್ಪಿದರೆ, ತಿಂಗಳ ಖರ್ಚು ಇಳಿದರೆ, ಬಾಡಿಗೆ ಬಂದರೆ, ಇಲ್ಲಾ ದಿನಾ ಬಳಸಿ ಸುಖಪಟ್ಟರೆ ಅದು ವಾಪಸ್ ಬಂದ ಹಾಗೆ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ‘ಸ್ವಲ್ಪ ತೇವ’ ಅನ್ನುವಲ್ಲಿ. 5 ಲಕ್ಷದಲ್ಲಿ ಮೊದಲ ರೂಪಾಯಿ ಅಲ್ಲಿಗೇ ಹೋಗಬೇಕು. ಮೋಲ್ಡ್, ಅಂದರೆ ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಛಾವಣಿ, ಅದರೊಳಗೆ ಇಳಿದ ನೀರು ಕಂಬಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತೆ, ಮೊದಲಿದ್ದ ಜಾಗ ಅದಕ್ಕೆ ಸಾಲುವುದಿಲ್ಲ. ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತೆ. ಸೀಲಿಂಗಿನಿಂದ ಚಕ್ಕೆ ಚಕ್ಕೆ ಉದುರಿ ಕಂಬಿ ಕಾಣುವ ಮನೆಗಳನ್ನು ನೋಡಿರುತ್ತೀರಿ, ಅಲ್ವಾ? ಅವೂ ಒಂದು ಕಾಲಕ್ಕೆ ಮೂಲೆಯ ಸ್ವಲ್ಪ ತೇವವೇ ಆಗಿದ್ದವು. ಈ ಹಂತದಲ್ಲಿ ರಿಪೇರಿ ಸಾವಿರಗಳಲ್ಲಿ ಮುಗಿಯುತ್ತೆ. ಕಂಬಿ ಸವೆದ ಮೇಲೆ ಲಕ್ಷಗಳಲ್ಲಿ ಮಾತು.

ಒಳಗಡೆಯಿಂದ ಪುಟ್ಟಿ ಬಳಿದು ಪೇಂಟ್ ಹೊಡೆಸುವುದು ಸುಮ್ನೆ ದಂಡ. ನೀರು ಮೇಲಿಂದ ಬರುತ್ತಿದೆ, ಮೇಲೇ ನಿಲ್ಲಿಸಬೇಕು. ಮೊದಲು ಎಲ್ಲಿಂದ ಇಳಿಯುತ್ತಿದೆ ಅಂತ ಪತ್ತೆ ಮಾಡಿ. ತಾರಸಿಯ ನೀರು ಹೋಗುವ ಪೈಪಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಕೆಳಗೆ ನೋಡಿ. ಈಗಾಗಲೇ ಚಕ್ಕೆ ಉದುರಿದ್ದರೆ ಮಾತ್ರ ಈ ಪರೀಕ್ಷೆ ಬೇಡ, ಎಂಜಿನಿಯರ್ ಕರೆಸಿ. ಎಷ್ಟೋ ಮನೆಗಳಲ್ಲಿ ತಪ್ಪು ಇರುವುದು ಪ್ಯಾರಾಪೆಟ್ ಗೋಡೆ ಮತ್ತು ತಾರಸಿ ಸೇರುವ ಮೂಲೆಯಲ್ಲಿ. ಇಲ್ಲಾ ಸಿಂಟೆಕ್ಸ್ ಇಟ್ಟ ಕಟ್ಟೆಯ ಬುಡದಲ್ಲಿ. ಇಲ್ಲಾ ನೀರಿನ ವಾಟ (ಇಳಿಜಾರು) ಸರಿಯಿಲ್ಲದೆ ಮಳೆ ನೀರು ನಿಂತಲ್ಲೇ ನಿಂತಿರುತ್ತೆ. ವಾಟ ಸರಿ ಮಾಡದೆ ಬರೀ ವಾಟರ್‌ಪ್ರೂಫ್ ಬಳಿದು ಹೋದವರು ಎರಡು ವರ್ಷಕ್ಕೆ ಮತ್ತೆ ಅದೇ ಕೆಲಸಕ್ಕೆ ಬರುತ್ತಾರೆ.

ಕೋಟಿಂಗ್ ಬಳಿಸುವಾಗ ಬಿಳಿ ಬಣ್ಣದ್ದೇ ಆರಿಸಿ. ಬಿಸಿಲನ್ನು ಹಿಂದಕ್ಕೆ ತಳ್ಳುತ್ತೆ, ಕೆಳಗಿನ ರೂಮು ತಂಪಾಗುತ್ತೆ. ಕೋಲಾರ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಎತ್ತರದಲ್ಲಿದೆ, ಬೇಸಿಗೆಯಲ್ಲೂ ಬೆಳಗಿನ ಜಾವ ಗಾಳಿ ತಣ್ಣಗಿರುತ್ತೆ. ತಾರಸಿ ಬಿಳಿ ಮಾಡಿಸಿ, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ ರಾತ್ರಿ ತೆರೆದಿಟ್ಟರೆ ಎಸಿ ಯೋಚನೆ ಮುಂದಕ್ಕೆ ಹೋಗುತ್ತೆ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದಕ್ಕೆ ಮುಂಚೆ, ತಾರಸಿ ಚೆನ್ನಾಗಿ ಒಣಗಿರುವಾಗ ಕೆಲಸ ಮುಗಿಸಿ.

ಪೇಟೆ ಒಳಗೆ, ಹಳ್ಳಿಗಳಲ್ಲಿ ಕಲ್ಲು ಚಪ್ಪಡಿ ಮನೆ ಇರುವವರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು. ಚಪ್ಪಡಿ ಸೋರುವುದು ಸಂದುಗಳಲ್ಲಿ. ಹಳೇ ಗಾರೆ ಕೆರೆದು ಸಂದು ತುಂಬಿಸಿದರೆ ಸಾಕು, ಮೇಲೆ ದಪ್ಪಗೆ ಕಾಂಕ್ರೀಟ್ ಸುರಿಸಬೇಡಿ. ಕಂಬಿ ಇರುವ ಮೋಲ್ಡ್ ಮುರಿಯುವ ಮುಂಚೆ ಬಾಗಿ, ಬಿರುಕು ಬಿಟ್ಟು ಸೂಚನೆ ಕೊಡುತ್ತೆ. ಕಲ್ಲು ಹಾಗಲ್ಲ, ಭಾರ ಜಾಸ್ತಿ ಆದರೆ ಒಂದೇ ಸಲ ಮುರಿಯುತ್ತೆ.

ಮೇಲ್ಛಾವಣಿ ಆದ ಮೇಲೆ ವೈರಿಂಗ್. ಇದು ಯಾರ ಕಣ್ಣಿಗೂ ಕಾಣದ ಖರ್ಚು, ಅದಕ್ಕೇ ಯಾರೂ ಮಾಡಿಸುವುದಿಲ್ಲ. ನಿಮ್ಮ ಮನೆ ಕಟ್ಟಿದಾಗ ಫ್ಯಾನು, ಟ್ಯೂಬ್‌ಲೈಟು, ಒಂದು ಟಿವಿ ಇದ್ದಿರಬೇಕು. ಈಗ ಗೀಸರ್, ವಾಷಿಂಗ್ ಮೆಷಿನ್, ಇಂಡಕ್ಷನ್, ಸಂಪಿನ ಮೋಟರ್ ಎಲ್ಲ ಅದೇ ವೈರಿನ ಮೇಲೆ. ಸ್ವಿಚ್ ಬೋರ್ಡ್ ಬೆಚ್ಚಗಾಗುತ್ತಾ, ಪ್ಲಗ್ ಸುತ್ತ ಕಂದು ಕಲೆ ಇದೆಯಾ ನೋಡಿ. ಪೂರ್ತಿ ವೈರ್ ಬದಲಿಸಲು ಆಗದಿದ್ದರೆ ಗೀಸರ್‌ಗೆ ಮತ್ತು ಅಡುಗೆ ಮನೆಗಾದರೂ ದಪ್ಪ ವೈರಿನ ಬೇರೆ ಲೈನ್ ಎಳೆಸಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದು ಹಾಕಿಸಿ. ಒದ್ದೆ ಕೈಯಲ್ಲಿ ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟ್ ಕಡಿದುಹಾಕುತ್ತೆ. ಎಂಸಿಬಿ ಆ ಕೆಲಸ ಮಾಡುವುದಿಲ್ಲ, ಅದು ವೈರನ್ನು ಕಾಪಾಡುತ್ತೆ ಅಷ್ಟೇ.

ಇನ್ನು ನೀರು. ಯರಗೋಳ್ ಅಣೆಕಟ್ಟಿನ ನೀರು ಬಂದ ಮೇಲೂ ಬೋರ್‌ವೆಲ್, ಟ್ಯಾಂಕರ್ ಪೂರ್ತಿ ಬಿಟ್ಟವರು ಕಡಿಮೆ. ನಮ್ಮ ಬೋರಿನ ನೀರು ಗಡಸು, ಕೆಲವು ಕಡೆ ಫ್ಲೋರೈಡೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಬಿಐಎಸ್ ಹೇಳುತ್ತೆ. ಮನೆಗೆಲ್ಲ ಸಾಫ್ಟ್‌ನರ್ ಹಾಕಿಸಿದರೆ ಎಲ್ಲ ಸರಿಹೋಗುತ್ತೆ ಅಂತ ಮಾರುವವರು ಹೇಳುತ್ತಾರೆ. ಸಾಫ್ಟ್‌ನರ್ ಗಡಸುತನ ತೆಗೆಯುತ್ತೆ, ಫ್ಲೋರೈಡ್ ತೆಗೆಯುವುದಿಲ್ಲ. ಫ್ಲೋರೈಡ್ ಜಾಸ್ತಿ ಇದ್ದರೆ ಕುಡಿಯೋಕೆ ಆರ್‌ಒ ಬೇಕು. ನೀರು ಪರೀಕ್ಷೆ ಮಾಡಿಸಿ ಆಮೇಲೆ ಕೊಳ್ಳಿ.

ನನ್ನ ಕೇಳಿದರೆ ಸಾಫ್ಟ್‌ನರ್‌ಗಿಂತ ಮುಂಚೆ ಮಳೆ ನೀರನ್ನು ಸಂಪಿಗೆ ಇಳಿಸಿ. ತಾರಸಿ ಕೆಲಸ ಹೇಗೂ ಮಾಡಿಸುತ್ತಿದ್ದೀರಿ, ಸಂಪು ಹೇಗೂ ಇರುತ್ತೆ. ಬೇಕಿರುವುದು ಪೈಪು, ಒಂದು ಫಿಲ್ಟರ್, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವಾಲ್ವು. ಲೆಕ್ಕ ಸುಲಭ: ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 800 ಚದರಡಿ ತಾರಸಿ ಅಂದರೆ ಸುಮಾರು 74 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಅಂತ ಹಿಡಿದು, ಐದರಲ್ಲೊಂದು ಪಾಲು ಪೋಲಾಯಿತು ಅಂದರೂ 40 ಸಾವಿರ ಲೀಟರ್ ಆಗುತ್ತೆ. ಅಷ್ಟೂ ನಿಮಗೆ ಸಿಗುವುದಿಲ್ಲ, ನಿಜ. ಮಳೆ ಒಟ್ಟಿಗೆ ಬರುತ್ತೆ, ಸಂಪು ತುಂಬಿದ ಮೇಲೆ ಹೊರಗೆ ಹೋಗುತ್ತೆ. ಆದರೂ ಸಿಕ್ಕಿದ್ದು ಮೆತ್ತನೆ ನೀರು. ಬೇಳೆ ಬೇಗ ಬೇಯುತ್ತೆ, ಸೋಪು ನೊರೆ ಬರುತ್ತೆ, ಗೀಸರಿನ ಕಾಯಿಲ್‌ಗೆ ಸುಣ್ಣ ಕಟ್ಟುವುದು ಕಡಿಮೆ ಆಗುತ್ತೆ.

ಸೋಲಾರ್ ಬಗ್ಗೆ ನೀವು ಕೇಳಿಲ್ಲ, ಆದರೆ 5 ಲಕ್ಷ ಇದೆ ಅಂದ ತಕ್ಷಣ ಯಾರಾದರೂ ಹೇಳೇ ಹೇಳುತ್ತಾರೆ. ತಾರಸಿ ಮೇಲೆ ಕರೆಂಟ್ ಮಾಡುವ ಪ್ಯಾನಲ್‌ಗೆ 2024ರಿಂದ ಪಿಎಂ ಸೂರ್ಯಘರ್ ಸಬ್ಸಿಡಿ ಇದೆ, 3 ಕಿಲೋವ್ಯಾಟಿಗೆ 78 ಸಾವಿರ. ಕೇಳೋಕೆ ಚೆನ್ನಾಗಿದೆ. ಆದರೆ 2023ರಿಂದ, 200 ಯೂನಿಟ್ ಒಳಗಿನ ಮನೆಗಳಿಗೆ ಉಚಿತ ಕರೆಂಟ್ ಕೊಡುವ ಗೃಹಜ್ಯೋತಿಯೂ ಇದೆ. ನಿಮಗೆ ಈಗಾಗಲೇ ಸೊನ್ನೆ ಬಿಲ್ಲು ಬರುತ್ತಿದ್ದರೆ ಪ್ಯಾನಲ್ ಉಳಿಸುವುದು ಏನನ್ನು? 200 ಯೂನಿಟ್ ದಾಟುವ ಮನೆಗಳಿಗೆ ಅದು ಲಾಭ.

ಸೋಲಾರ್ ವಾಟರ್ ಹೀಟರ್ ಕಥೆ ಬೇರೆ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಕಾಯಿಸಲು ಹತ್ತಿರ ಹತ್ತಿರ 3 ಯೂನಿಟ್ ಕರೆಂಟ್ ಬೇಕು. ತಿಂಗಳಿಗೆ 90 ಯೂನಿಟ್ ಆಯ್ತು. 200 ಯೂನಿಟ್ ದಾಟಿದರೆ ಆ ತಿಂಗಳು ಪೂರ್ತಿ ಬಿಲ್ಲು ನೀವೇ ಕಟ್ಟಬೇಕು. ಗೀಸರಿನಿಂದಲೇ 200ರ ಗೆರೆ ದಾಟುತ್ತಿರುವ ಮನೆಗೆ ಈ ಹೀಟರ್ ಬೇಗ ದುಡ್ಡು ಹುಟ್ಟಿಸುತ್ತೆ. ಅದಕ್ಕೆ ಬೋರ್ ನೀರು ತುಂಬಿಸಿದರೆ ಟ್ಯೂಬಿನಲ್ಲಿ ಸುಣ್ಣ ಕಟ್ಟುತ್ತೆ, ಆಗಾಗ ತೊಳೆಸುತ್ತಿರಬೇಕು.

ಮೇಲಿನ ಖಾಲಿ ರೂಮು ನಿಮ್ಮ ಮನೆಯ ನಿಜವಾದ ಆಸ್ತಿ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿಗೆ ಹೋಗುವವರು, ಟಮಕದ ಆಸ್ಪತ್ರೆ ಕಡೆ ಕೆಲಸ ಮಾಡುವವರು ಕೋಲಾರದಲ್ಲಿ ಬಾಡಿಗೆ ಮನೆ ಹುಡುಕುತ್ತಲೇ ಇರುತ್ತಾರೆ. ಅವರು ಕೇಳುವುದು ಮೂರೇ: ಹೊರಗಿನಿಂದ ಮೆಟ್ಟಿಲು, ಒಳಗೇ ಬಾತ್‌ರೂಮು, ಬೇರೆ ಮೀಟರ್. ನಿಮ್ಮ ಹಾಲ್ ದಾಟಿ ಮೇಲೆ ಹೋಗಬೇಕು ಅಂದರೆ ಸಂಸಾರಸ್ಥರು ಬರುವುದಿಲ್ಲ. ಬೇರೆ ಮೀಟರ್ ಏಕೆ ಅಂದರೆ, ಒಂದೇ ಮೀಟರಿನಲ್ಲಿ ಎರಡು ಸಂಸಾರ ಇದ್ದರೆ 200 ಯೂನಿಟ್ ದಾಟಿ ಇಬ್ಬರಿಗೂ ಗೃಹಜ್ಯೋತಿ ತಪ್ಪುತ್ತೆ. ಉದಾಹರಣೆಗೆ ಈ ಕೆಲಸಕ್ಕೆ 2 ಲಕ್ಷ ಹಿಡಿಯಿತು, ತಿಂಗಳಿಗೆ 4 ಸಾವಿರ ಬಾಡಿಗೆ ಬಂತು ಅಂದುಕೊಳ್ಳಿ. ನಾಲ್ಕು ವರ್ಷ ಎರಡು ತಿಂಗಳಿಗೆ ಹಾಕಿದ್ದು ವಾಪಸ್. ಅದೇ 2 ಲಕ್ಷ ನೆಲದ ಗ್ರಾನೈಟಿಗೆ ಹಾಕಿದರೆ ತಿಂಗಳಿಗೆ ಬರುವುದು ಸೊನ್ನೆ. ಕೆಲಸ ಶುರು ಮಾಡುವ ಮುಂಚೆ ಪಕ್ಕದ ಬೀದಿಯಲ್ಲಿ ಅಂಥ ರೂಮಿಗೆ ಎಷ್ಟು ಕೊಡುತ್ತಿದ್ದಾರೆ ಕೇಳಿಕೊಂಡು ಬನ್ನಿ, ನನ್ನ ಅಂಕಿ ಬಿಟ್ಟು ಆ ಅಂಕಿ ಹಾಕಿ ಲೆಕ್ಕ ಮಾಡಿ.

ಮನೆಯವರ ಅಡುಗೆ ಮನೆ ಆಸೆಗೆ ನಾನು ಅಡ್ಡ ಬರುವುದಿಲ್ಲ. ದಿನಕ್ಕೆ ಮೂರು ಹೊತ್ತು ನಿಲ್ಲುವ ಜಾಗ ಅದು. ಆದರೆ ನಮ್ಮಲ್ಲಿ ಅಡುಗೆ ಮನೆಯನ್ನು ಬಕೆಟ್ ನೀರು ಹಾಕಿ ತೊಳೆಯುತ್ತಾರೆ. ಪಾರ್ಟಿಕಲ್ ಬೋರ್ಡಿನ ಕಪಾಟು ಆ ನೀರಿಗೆ ಬುಡದಿಂದ ಊದಿಕೊಳ್ಳುತ್ತೆ. ನಿಮ್ಮ ಕಟ್ಟೆ ಕೆಳಗೆ ಕಡಪ ಕಲ್ಲಿನ ಗೂಡುಗಳು ಇದ್ದರೆ ದಯವಿಟ್ಟು ಕೀಳಿಸಬೇಡಿ. ಗೂಡಿಗೆ ಸ್ಟೀಲ್ ಬುಟ್ಟಿ, ಮುಂದೆ ಒಳ್ಳೆ ಪ್ಲೈವುಡ್ ಬಾಗಿಲು, ಮೇಲೆ ಹೊಸ ಗ್ರಾನೈಟ್ ಕಟ್ಟೆ, ದೊಡ್ಡ ಸಿಂಕು, ಹೊಗೆ ಹೋಗುವ ಫ್ಯಾನು. ನೋಡಲು ಮಾಡ್ಯುಲರ್ ಕಿಚನ್ ಹಾಗೇ ಇರುತ್ತೆ, ಖರ್ಚು ತುಂಬಾ ಕಡಿಮೆ. ಕಟ್ಟೆಯ ಎತ್ತರ ಮೇಸ್ತ್ರಿಯನ್ನು ಕೇಳಬೇಡಿ, ಅಡುಗೆ ಮಾಡುವವರನ್ನೇ ನಿಲ್ಲಿಸಿ ಅಳತೆ ತೆಗೆದುಕೊಳ್ಳಿ.

ನೆಲ ರೆಡ್ ಆಕ್ಸೈಡ್ ಆಗಿದ್ದರೆ ಪಾಲಿಶ್ ಸಾಕು. ಫಾಲ್ಸ್ ಸೀಲಿಂಗ್ ಬೇಡ. ಮೇಲಿಂದ ನೀರು ಇಳಿದರೆ ಮೊದಲು ಕಾಣುವ ಜಾಗವನ್ನೇ ಅದು ಮುಚ್ಚಿಬಿಡುತ್ತೆ. ಮಗನಿಗೆ ಒಂದೆರಡು ಒಳ್ಳೆ ಲೈಟು ಹಾಕಿಸಿಕೊಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಬಾತ್‌ರೂಮಿಗೆ ಜಾರದ ಟೈಲ್ಸು, ಗೋಡೆಗೆ ಹಿಡಿ, ಕಮೋಡು, ಇಷ್ಟನ್ನು ಲೆಕ್ಕ ನೋಡದೆ ಮಾಡಿಸಿ.

ಮೇಸ್ತ್ರಿ ಜೊತೆ ಮಾತು ಬಾಯಲ್ಲಿ ಬೇಡ, ಒಂದು ಹಾಳೆ ಮೇಲೆ ಬರೆಯಿರಿ. ಎಷ್ಟು ಚದರಡಿ, ಯಾವ ಕಂಪನಿ ಮಾಲು, ಯಾವ ಹಂತಕ್ಕೆ ಎಷ್ಟು ದುಡ್ಡು. ಎಸ್ಟಿಮೇಟ್ ಹಳೇದಾದರೆ ಸಿಮೆಂಟ್ ದರ ಮತ್ತೆ ಕೇಳಿ, 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ತಾರಸಿ ಕೆಲಸದ ಕೊನೇ ಕಂತನ್ನು ಒಂದು ಜೋರು ಮಳೆ ನೋಡಿ ಕೊಡುತ್ತೇನೆ ಅಂತ ಮೊದಲೇ ಹೇಳಿ. ಒಳ್ಳೆ ಮೇಸ್ತ್ರಿ ಇದಕ್ಕೆ ಒಪ್ಪುತ್ತಾರೆ. ರೂಮು ಸೇರಿಸಿದ್ದು, ಮೆಟ್ಟಿಲು ಕಟ್ಟಿಸಿದ್ದು, ಇಂಥ ಕೆಲಸದ ಬಿಲ್ಲುಗಳನ್ನು ಸೈಟಿನ ಪತ್ರದ ಜೊತೆಗೇ ಇಡಿ. ಮಾರುವ ದಿನ ಬಂದರೆ ಲಾಭದ ಮೇಲಿನ ತೆರಿಗೆ ಲೆಕ್ಕದಲ್ಲಿ ಅವನ್ನು ಕಳೆಯಬಹುದು. ಪೇಂಟಿಂಗು, ಸಣ್ಣಪುಟ್ಟ ರಿಪೇರಿಗೆ ಅದು ಅನ್ವಯಿಸುವುದಿಲ್ಲ.

ಒಂದು ವೇಳೆ ಒಂದೆರಡು ವರ್ಷದಲ್ಲೇ ಮಾರುವ ಯೋಚನೆ ಇದ್ದರೆ ನನ್ನ ಉತ್ತರ ತುಂಬಾ ಚಿಕ್ಕದು. ತೇವ ನಿಲ್ಲಿಸಿ, ಸುಣ್ಣ ಬಣ್ಣ ಮಾಡಿಸಿ, ಇ-ಖಾತೆ ಮಾಡಿಸಿ, ಮೇಲಿನ ರೂಮು ದಾಖಲೆಯಲ್ಲಿ ಇದೆಯಾ ನೋಡಿ. ಉಳಿದ ದುಡ್ಡು ಬ್ಯಾಂಕಿನಲ್ಲೇ ಇರಲಿ.