ರಾಂಬುಟಾನ್ ಮರದ ತುಂಬಾ ಹೂ, ಕಾಯಿ ಮಾತ್ರ ಇಲ್ಲ. ಕಡಿದುಬಿಡೋಣವೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟವಿದೆ. ಪೇಟೆಯಿಂದ ತಂದ ರಾಂಬುಟಾನ್ ತಿಂದು ಬೀಜವನ್ನು ಮನೆ ಹಿಂದೆ ಹಾಕಿದ್ದೆವು. ಈಗ ಎಂಟು ವರ್ಷದ ಮರ. ಎರಡು ವರ್ಷದಿಂದ ಹೂ ಬಿಡುತ್ತಿದೆ, ಒಂದು ಕಾಯಿಯೂ ಕಚ್ಚಿಲ್ಲ. ಗೊಬ್ಬರ ಕಡಿಮೆಯಾಯಿತೇ? ಕಡಿದು ಬೇರೆ ನೆಡೋಣವೇ?

ಉತ್ತರ: ಕಡಿಯಬೇಡಿ. ಗೊಬ್ಬರದ ತಪ್ಪೂ ಅಲ್ಲ. ನಿಮ್ಮದು ಗಂಡು ಮರ ಇರಬೇಕು.

ರಾಂಬುಟಾನ್ ಬೀಜ ಹಾಕಿದರೆ ಹೆಚ್ಚುಕಡಿಮೆ ಅರ್ಧದಷ್ಟು ಸಸಿಗಳು ಗಂಡಾಗುತ್ತವೆ. ಅವು ಎಷ್ಟು ಹೂ ಬಿಟ್ಟರೂ ಅಷ್ಟೇ. ಮುಂದಿನ ಸಲ ಒಂದು ಹೂವನ್ನು ಅಂಗೈ ಮೇಲಿಟ್ಟು ನೋಡಿ. ಭೂತಗನ್ನಡಿ ಇದ್ದರೆ ಒಳ್ಳೆಯದು, ಹೂ ತೀರಾ ಸಣ್ಣದು. ಬರೀ ಕೇಸರ ಹರಡಿಕೊಂಡಿದ್ದರೆ ಗಂಡು. ನಡುವೆ ಜೋಡಿ ಗುಂಡಿನಂಥ ಪುಟ್ಟ ಕಾಯಿ, ಅದರ ಮೇಲೆ ಕವಲೊಡೆದ ತುದಿ ಕಂಡರೆ ಅದು ಹಣ್ಣು ಕೊಡುವ ಮರ. ಆದರೆ ಅಂಥ ಮರದ ಹೂಗಳಲ್ಲಿ ಬಹುಪಾಲು ಕೇಸರ ಒಡೆಯುವುದೇ ಇಲ್ಲ, ಪರಾಗ ಸಾಲುವುದಿಲ್ಲ. ಹಾಗಾಗಿ ಗಂಡು ಮರವೂ ದಂಡವಲ್ಲ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಒಂದು ಕೊಂಬೆ ಹಾಗೇ ಬಿಟ್ಟು, ಉಳಿದ ಕಾಂಡವನ್ನು ಸೊಂಟದೆತ್ತರಕ್ಕೆ ಕೊಯ್ದು, ಬಂದ ಚಿಗುರು ಪೆನ್ಸಿಲ್ ದಪ್ಪವಾದಾಗ ಒಳ್ಳೆ ತಳಿಯ ಕಣ್ಣು ಕಸಿ (ಆ ತಳಿಯ ಚಿಗುರುಮೊಗ್ಗನ್ನು ತೊಗಟೆ ಸಮೇತ ತಂದು ಇದರ ತೊಗಟೆಗೆ ಕೂಡಿಸುವುದು) ಹಾಕಿಸುತ್ತಿದ್ದೆ. ಜಡಿಮಳೆಯಲ್ಲಿ ಮಾತ್ರ ಬೇಡ, ನೀರಿಳಿದು ಕಣ್ಣು ಕೊಳೆಯುತ್ತದೆ. ಬಿಟ್ಟ ಕೊಂಬೆಯ ಪರಾಗವನ್ನು ಜೇನು ಒಯ್ಯುತ್ತದೆ. ಬೇರು ಹಳೆಯದಾದ್ದರಿಂದ ಹೊಸ ಸಸಿಗಿಂತ ಬೇಗ ಫಲ ಬರುತ್ತದೆ. ತಳಿಗೆ ಜಾಸ್ತಿ ದೂರ ಹೋಗಬೇಕಿಲ್ಲ. ಪಕ್ಕದ ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಪ್ರಯೋಗ ಕೇಂದ್ರದಿಂದಲೇ ‘ಅರ್ಕಾ ಕೂರ್ಗ್ ಅರುಣ್’ ಎಂಬ ಕೆಂಪು ಹಣ್ಣಿನ ತಳಿ ಬಂದಿದೆ.

ಕಾಫಿ ತೋಟದವರು ಎಡವುವುದು ನೀರಿನಲ್ಲಿ. ಹೂ ಮೂಡಲು ರಾಂಬುಟಾನ್‌ಗೆ ಸುಮಾರು ಒಂದು ತಿಂಗಳು ಒಣ ಹವೆ ಬೇಕು. ಹೂಮೊಗ್ಗು ಕಾಣುವ ಮೊದಲೇ ಕಾಫಿಗೆಂದು ಹಾಕಿದ ಸ್ಪ್ರಿಂಕ್ಲರ್ ಇದಕ್ಕೂ ಎರಚಿದರೆ ಹೂವಿನ ಬದಲು ಎಲೆ ಚಿಗುರುತ್ತದೆ. ಮೊಗ್ಗು ಕಂಡ ಮೇಲೆ ಬುಡಕ್ಕೆ ಧಾರಾಳ ನೀರು ಕೊಡಿ.

ಕಾಯಿ ಕಚ್ಚಿದ ಮೇಲೆ ಹಣ್ಣಾಗಲು ಸುಮಾರು ನಾಲ್ಕು ತಿಂಗಳು. ಮಂಗನ ಹೆದರಿಕೆಗೆ ಅರೆಬಲಿತ ಗೊಂಚಲು ಕೊಯ್ದು ಹುಲ್ಲಿನಲ್ಲಿ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಇದು ಬಾಳೆಯಲ್ಲ, ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಬಲೆ ಹೊದಿಸಿ ಕಾಯುವುದೇ ವಾಸಿ. ಅಂದ ಹಾಗೆ, ಮಲಯ ಭಾಷೆಯಲ್ಲಿ ‘ರಾಂಬುಟ್’ ಅಂದರೆ ಕೂದಲು. ಈ ಕೂದಲ ಹಣ್ಣು ಲಿಚಿಗೆ ನೆಂಟ, ತಲೆ ತೊಳೆಯುವ ನಮ್ಮ ಅಂಟುವಾಳಕ್ಕೂ ನೆಂಟ!

ಮುಂದೆ ತಿಂದ ಹಣ್ಣಿನ ಬೀಜ ಎಸೆಯಬೇಡಿ, ಕಸಿ ಹಾಕಲು ಸಸಿಯಾಗುತ್ತದೆ. ಆದರೆ ಒಣಗಿಸಿ ಡಬ್ಬಿಯಲ್ಲಿಟ್ಟರೆ ಹುಟ್ಟುವುದಿಲ್ಲ. ತೊಳೆದು ಆವತ್ತೋ ಮಾರನೇ ದಿನವೋ ಮಣ್ಣಿಗೆ ಹಾಕಿ.