ಬೋರ್ಡೋ ಹೊಡೆದ್ರೂ ಅಡಿಕೆ ಹಳದಿ ಎಲೆ ರೋಗ ಯಾಕೆ ಬಗ್ಗಲ್ಲ?

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ಮ ತೋಟ. ನೋಡಿದವ್ರು ಹಳದಿ ಎಲೆ ರೋಗ ಅಂದ್ರು. ಕಾಯಿ ಕೊಳೆ ರೋಗಕ್ಕೆ ಹೊಡೆಯೋ ಬೋರ್ಡೋ, ಅಂದ್ರೆ ಮೈಲುತುತ್ತ-ಸುಣ್ಣದ ದ್ರಾವಣನೇ ಇದಕ್ಕೂ ಹೊಡೆಸಿದ್ವಿ, ಗೊಬ್ಬರ ಡಬಲ್ ಹಾಕಿದ್ವಿ, ಏನೂ ಪ್ರಯೋಜನ ಆಗ್ಲಿಲ್ಲ. ಇದಕ್ಕೆ ಔಷಧಿನೇ ಇಲ್ವಾ?

ಉತ್ತರ: ಪೂರ್ತಿ ವಾಸಿ ಮಾಡೋ ಔಷಧಿ ಇಲ್ಲ ಮಾರಾಯ್ರೇ. ರೋಗಾಣು ಕೂತಿರೋ ಜಾಗ ಅಂಥದ್ದು.

ಕೊಳೆ ರೋಗದ ಶಿಲೀಂಧ್ರದಂಥ ರೋಗಾಣು ಹೊರಗಿಂದ ಮಳೆ ಹನಿ ಜೊತೆ ಕಾಯಿ ಮೇಲೆ ಬಂದು ಬೀಳುತ್ತೆ, ಅದು ಒಳಗೆ ಇಳಿಯೋಕೆ ಮುಂಚೆ ಕಾಯಿ ಮೇಲೆ ತಾಮ್ರದ ಪದರ ಇದ್ರೆ ಅಲ್ಲೇ ಸಾಯುತ್ತೆ. ನೂರು ವರ್ಷದ ಹಿಂದೆ ಮೈಸೂರು ಸರ್ಕಾರದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಕ್ಕೆ ಬೋರ್ಡೋ ರೂಢಿ ಮಾಡಿಸಿದ್ದು ಇದೇ ಲೆಕ್ಕದಲ್ಲಿ. ಹಳದಿ ಎಲೆ ರೋಗದ್ದು ಫೈಟೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾ ಜಾತಿ, ಅದು ಎಲೆ ಮೇಲೂ ಇರಲ್ಲ ಕಾಯಿ ಮೇಲೂ ಇರಲ್ಲ, ಮರದ ಫ್ಲೋಯಂ ಒಳಗೆ ಮಾತ್ರ ಇರುತ್ತೆ. ಅಲ್ಲಿಗೆ ಮೈಲುತುತ್ತ ಹೋಗಿ ಮುಟ್ಟೋದೇ ಇಲ್ಲ.

ಫ್ಲೋಯಂ ಅಂದ್ರೆ ಸೋಗೆಯಲ್ಲಿ ತಯಾರಾದ ಸಕ್ಕರೆಯನ್ನ ಬೇರಿಗೆ, ಹಿಂಗಾರಕ್ಕೆ, ಕಾಯಿಗೆ ಸಾಗಿಸೋ ನಾಳ. ಮಣ್ಣಿನ ನೀರನ್ನ ಮೇಲೆ ಒಯ್ಯೋ ನಾಳ ಬೇರೆ, ಅದು ಸತ್ತ ಕೋಶಗಳದ್ದು, ಇದು ಜೀವ ಇರೋದು. ಬೈನೆ ಮರದ ಹೂಗೊನೆ ಕೊಯ್ದು ಕಳ್ಳು ಇಳಿಸ್ತಾರಲ್ಲ, ಆ ಸಿಹಿ ನೀರು ಫ್ಲೋಯಂ ರಸನೇ. ಅದನ್ನ ಓಡಿಸೋದು ಒತ್ತಡ. ಎಲೆ ಕಡೆ ಸಕ್ಕರೆ ತುಂಬಿಕೊಂಡಾಗ ಅಕ್ಕಪಕ್ಕದ ನೀರೂ ಒಳಗೆ ನುಗ್ಗುತ್ತೆ, ಒತ್ತಡ ಏರುತ್ತೆ, ಬೇರು ಕಾಯಿ ಕಡೆ ಸಕ್ಕರೆ ಖರ್ಚಾಗಿ ಒತ್ತಡ ಇಳಿಯುತ್ತೆ, ರಸ ಆ ಕಡೆ ಹರಿಯುತ್ತೆ. ಜರ್ಮನಿಯ ಅರ್ನ್‌ಸ್ಟ್ ಮುಂಚ್ 1930ರಲ್ಲಿ ಮಂಡಿಸಿದ ವಿವರಣೆ ಇದು, ಇವತ್ತಿಗೂ ಮುಖ್ಯವಾಗಿ ಒಪ್ಪೋದು ಇದನ್ನೇ. ಎಷ್ಟೋ ಗಿಡಗಳಲ್ಲಿ ಈ ಒತ್ತಡ ಕಾರಿನ ಟೈರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಇರುತ್ತೆ, ರಸ ಗಂಟೆಗೆ ಅರ್ಧದಿಂದ ಒಂದು ಮೀಟರ್ ಆಸುಪಾಸು ಓಡುತ್ತೆ.

ಇಷ್ಟು ಒತ್ತಡ ಇರೋ ನಾಳಕ್ಕೆ ಗಾಯ ಆದ್ರೆ ಎಲ್ಲಾ ಸೋರಿ ಹೋಗ್ಬಾರದಲ್ಲ, ಅದಕ್ಕೆ ಗಿಡ ತಕ್ಷಣ ಒಂದು ಪ್ರೋಟೀನು, ಆಮೇಲೆ ಕ್ಯಾಲೋಸ್ ಅನ್ನೋ ವಸ್ತು ತುರುಕಿ ಬಾಯಿ ಮುಚ್ಚಿಬಿಡುತ್ತೆ. ಕಳ್ಳು ಇಳಿಸೋರು ದಿನಾ ಹೂಗೊನೆ ತುದಿ ತೆಳ್ಳಗೆ ಹೆರೆಯೋದು ಯಾಕೆ ಅಂತೀರಿ? ಮುಚ್ಚಿಕೊಂಡ ಬಾಯಿ ತೆಗೆಯೋಕೆ.

ಸಸ್ಯಹೇನು, ಹಿಟ್ಟು ತಿಗಣೆ, ಜಿಗಿಹುಳು ಇವಕ್ಕೆಲ್ಲ ಈ ಬಾಯಿ ಮುಚ್ಚೋ ಆಟದಿಂದ ತಪ್ಪಿಸಿಕೊಳ್ಳೋ ವಿದ್ಯೆ ಗೊತ್ತು. ಕೂದಲಿಗಿಂತ ಸಣ್ಣ ಸೂಜಿಬಾಯನ್ನ ಕೋಶಗಳ ಸಂದಿಯಲ್ಲೇ ತೂರಿಸ್ಕೊಂಡು ಫ್ಲೋಯಂಗೆ ಚುಚ್ಚುತ್ತೆ, ಜೊಲ್ಲು ಬಿಟ್ಟು ಗಾಯ ಮುಚ್ಚದ ಹಾಗೆ ನೋಡ್ಕೊಳ್ಳುತ್ತೆ, ಆಮೇಲೆ ಹೀರೋ ಕಷ್ಟವೂ ಅಷ್ಟಾಗಿ ಇಲ್ಲ, ಒತ್ತಡಕ್ಕೆ ರಸ ತಾನೇ ಬಾಯಿಗೆ ಬರುತ್ತೆ. ಪ್ರಯೋಗಕ್ಕೆ ಅಂತ ವಿಜ್ಞಾನಿಗಳು ಹೀರ್ತಾ ಇರೋ ಹೇನಿನ ಸೂಜಿಬಾಯನ್ನ ಲೇಸರ್‌ನಲ್ಲಿ ಕತ್ತರಿಸಿ ಹುಳನ ಎತ್ತಿ ಬಿಸಾಕಿದ್ರೆ, ಗಿಡದಲ್ಲಿ ಉಳಿದ ಆ ಮೋಟು ತುಂಡಿನಿಂದ ಗಂಟೆಗಟ್ಟಲೆ ರಸ ಹನೀತಾನೇ ಇತ್ತು! ಕುಡಿದಿದ್ರಲ್ಲಿ ಸಕ್ಕರೆ ಜಾಸ್ತಿ ಆಗಿದ್ದನ್ನ ಹುಳ ಹಿಂದಿನಿಂದ ಬಿಡುತ್ತೆ, ಮಾವಿನ ಎಲೆ ಅಂಟಂಟು ಆಗಿ ಚಗಳಿ ಮುತ್ತೋದು, ಮೇಲೆ ಕಪ್ಪು ಮಸಿ ಹಿಡಿಯೋದು ಅದರಿಂದಲೇ.

ಅಡಿಕೆಯಲ್ಲಿ ಫೈಟೋಪ್ಲಾಸ್ಮಾ ಹೊತ್ಕೊಂಡು ಬರೋದು ಪ್ರೌಟಿಸ್ಟಾ ಮೊಯೆಸ್ಟಾ ಅನ್ನೋ ಪುಟ್ಟ ಜಿಗಿಹುಳು. ರೋಗದ ಮರದ ರಸ ಕುಡಿದಾಗ ಅದರ ಹೊಟ್ಟೆಗೆ ಹೋಗುತ್ತೆ, ಅಲ್ಲಿ ಹೆಚ್ಚಿ ಜೊಲ್ಲಿಗೆ ಬರುತ್ತೆ, ಮುಂದಿನ ಮರಕ್ಕೆ ಚುಚ್ಚಿದಾಗ ನೇರ ಫ್ಲೋಯಂಗೇ ಡೆಲಿವರಿ. ಒಳಗೆ ಹೋದ ಮೇಲೆ ರಸದ ಜೊತೆ ಮರ ಎಲ್ಲಾ ತಿರುಗುತ್ತೆ. ಈ ಗುಂಪಿನ ರೋಗ ಬಂದ ಗಿಡ ಏನ್ ಮಾಡುತ್ತೆ, ಗಾಯ ಅಂದ್ಕೊಂಡು ಅದೇ ಕ್ಯಾಲೋಸ್ ತುರುಕಿ ತನ್ನ ನಾಳ ತಾನೇ ಕಟ್ಟಿಕೊಳ್ಳುತ್ತೆ. ಎಲೆಯಲ್ಲಿ ಸಕ್ಕರೆ, ಪಿಷ್ಟ ತುಂಬಿ ಕೊಳೆತ ಹಾಗೆ ನಿಲ್ಲುತ್ತೆ, ಬೇರು ಉಪವಾಸ. ಬೇರಿಗೇ ಊಟ ಇಲ್ಲ ಅಂದ್ಮೇಲೆ ನೀವು ಡಬಲ್ ಹಾಕಿದ ಗೊಬ್ಬರ ಎತ್ತೋರು ಯಾರು? ಗಂಧದ ಮರದ ಸ್ಪೈಕ್ ರೋಗ, ಬದನೆ ಗಿಡದ ಸಣ್ಣ ಎಲೆ ರೋಗ ಕೂಡ ಇದೇ ವಂಶದ್ದು.

ಅಡಿಕೆಗೆ ಇನ್ನೊಂದು ತೊಂದರೆ ಇದೆ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ಹಲಸು ಮಾವು ವರ್ಷಾ ವರ್ಷ ತೊಗಟೆ ಒಳಗೆ ಹೊಸ ಫ್ಲೋಯಂ ಕಟ್ಕೊಳ್ಳುತ್ತೆ. ಅಡಿಕೆಗೆ ಆ ವ್ಯವಸ್ಥೆ ಇಲ್ಲ. ಅಡಿಕೆ ದಬ್ಬೆ ಕಡಿದ ತುದಿ ನೋಡಿ, ತುಂಬಾ ಕಪ್ಪು ಚುಕ್ಕಿ ಕಾಣುತ್ತೆ, ಒಂದೊಂದು ಚುಕ್ಕಿಯೂ ಒಂದೊಂದು ನಾರು, ಆ ನಾರಿಗೆ ಅಂಟ್ಕೊಂಡೇ ಆ ಮರದ ನೀರಿನ ನಾಳ, ಫ್ಲೋಯಂ ಎರಡೂ ಇರೋದು. ಕಾಂಡ ಬೆಳೀವಾಗ ಎಷ್ಟು ಕಟ್ಟಿತೋ ಅಷ್ಟೇ, ಅದೇ ದಶಕಗಟ್ಟಲೆ ಬದುಕಿ ದುಡೀಬೇಕು. ಕೆಟ್ರೆ ಅಲ್ಲಿ ಬದಲಿ ಬರಲ್ಲ.

ಆಂಟಿಬಯಾಟಿಕ್ ಕೊಡಬಹುದಲ್ವಾ ಅಂತ ಕೇಳ್ತೀರಿ. ಫೈಟೋಪ್ಲಾಸ್ಮಾಕ್ಕೆ ಕೋಶಗೋಡೆನೇ ಇಲ್ಲ, ಹಾಗಾಗಿ ಪೆನಿಸಿಲಿನ್ ನಾಟಲ್ಲ. ಟೆಟ್ರಾಸೈಕ್ಲಿನ್ ನಾಟುತ್ತೆ, ಅಮೆರಿಕದ ಫ್ಲಾರಿಡಾದಲ್ಲಿ ಇದೇ ತರದ ರೋಗಕ್ಕೆ ತೆಂಗಿನ ಕಾಂಡಕ್ಕೆ ನಾಲ್ಕು ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಟ್ರು, ಅದೂ ರೋಗನ ತಡೆಹಿಡಿಯುತ್ತೆ ಅಷ್ಟೇ, ನಿಲ್ಲಿಸಿದ್ರೆ ವಾಪಸ್. ಅಲ್ಲಿ ಅಲಂಕಾರದ ಮರ, ಇಲ್ಲಿ ಜನ ಅಗಿಯೋ ಅಡಿಕೆ. ಬೇಡ ಅಂತೀನಿ ನಾನು.

ಇನ್ನು ಮಾಡೋದು ಏನು ಅಂದ್ರೆ, ಮೊದ್ಲು ರೋಗ ಇದೇ ಹೌದಾ ನೋಡ್ಕೊಳ್ಳಿ. ಎಲೆಚುಕ್ಕಿ ಬೇರೆ, ನೀರು ನಿಂತು ಹಳದಿ ಆಗೋದೂ ಬೇರೆ. ಇದರಲ್ಲಿ ಹೊರಸುತ್ತಿನ ಎರಡು ಮೂರು ಸೋಗೆ ತುದಿಯಿಂದ ಹಳದಿ ಶುರು ಆಗುತ್ತೆ, ನಡುದಂಟಿನ ಪಕ್ಕ ಹಸಿರು ಪಟ್ಟಿ ಉಳಿದಿರುತ್ತೆ, ಕಾಯಿ ಉದುರುತ್ತೆ, ಸುಲಿದ್ರೆ ಒಳಗಿನ ಅಡಿಕೆ ಮೆತ್ತಗೆ ಕಪ್ಪಾಗಿರುತ್ತೆ. ತೋಟದಲ್ಲಿ ಒಂದೆರಡು ಮರಕ್ಕೆ ಮಾತ್ರ ಇದ್ರೆ ಹೊಟ್ಟೆ ಉರಿದ್ರೂ ಕಡಿಸಿ, ಪಕ್ಕದ ಮರ ಉಳಿಯುತ್ತೆ. ಶೃಂಗೇರಿ ಕಡೆ ತರ ಪೂರ್ತಿ ಹಬ್ಬಿದ್ರೆ ಕಡಿಯೋದ್ರಲ್ಲಿ ಅರ್ಥ ಇಲ್ಲ, ಬಸಿಗಾಲುವೆ ಆಳ ಮಾಡಿಸಿ, ಮಣ್ಣು ಪರೀಕ್ಷೆ ನೋಡ್ಕೊಂಡು ಸುಣ್ಣ, ಹದವಾಗಿ ಗೊಬ್ಬರ ಕೊಟ್ರೆ ಫಸಲು ಒಂದಷ್ಟು ವರ್ಷ ಎಳೀಬಹುದು. ಸುತ್ತ ಎಲ್ಲಾ ಹಳದಿ ಆದ್ರೂ ವರ್ಷಗಟ್ಟಲೆ ಹಸಿರಾಗೇ ನಿಂತಿರೋ ಮರ ಯಾವುದಾದ್ರೂ ಇದ್ರೆ ಮಾತ್ರ ಅದನ್ನ ಕಡೀಬೇಡಿ, ಗುರುತು ಹಾಕಿಟ್ಟು ತೋಟಗಾರಿಕೆ ಇಲಾಖೆಯವ್ರಿಗೋ ಸಂಶೋಧನಾ ಕೇಂದ್ರದವ್ರಿಗೋ ತೋರಿಸಿ, ಸಸಿ ಮಾಡೋಕೆ ಅವರು ಹುಡುಕ್ತಾ ಇರೋದು ಅಂಥ ಮರಗಳನ್ನೇ.